ಮಾಗಡಿಯ ಸಣ್ಣ ಗೂಡು

ಸಾಕುಪ್ರಾಣಿಗಳ ತಳಿಯನ್ನು ಉತ್ತಮಪಡಿಸುವುದೆಂದರೆ ಅವುಗಳನ್ನು ದೊಡ್ಡವನ್ನಾಗಿ ಮಾಡುವುದೆಂಬುದೇ ಸಾಮಾನ್ಯ ಜನರ ತಿಳಿವಳಿಕೆ. ಎತ್ತು ಎತ್ತರವಾಗಿರಬೇಕು, ಕುರಿ ತೂಕಕ್ಕೆ ಬರಬೇಕು, ಕೋಳಿ ಮೈತುಂಬಿರಬೇಕು ಎಂದು ನಾವೆಲ್ಲರೂ ಬಯಸುವೆವು. ಜಾತ್ರೆಯಲ್ಲಿ ಬೆಲೆ ಕಟ್ಟುವವನ ಕಣ್ಣು ಮೊದಲು ಹೋಗುವುದು ಮೈಯ ಗಾತ್ರದ ಕಡೆಗೇ. ಆದರೆ ಸಣ್ಣ ಮೈಯೇ ಒಂದು ಗುಣವಾಗಿ, ಅದನ್ನು ಕೆಡದಂತೆ ಕಾಪಾಡುವುದೇ ಒಂದು ಕಸುಬಾಗಿ ನಿಂತಿರುವ ಉದಾಹರಣೆಗಳೂ ಲೋಕದಲ್ಲಿ ಉಂಟು. ಅಂಥದೊಂದು ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯಲ್ಲಿಯೇ ಇದೆ. ಆ ಸೀಮೆಯ ರೇಷ್ಮೆಯನ್ನು ಬಲ್ಲವರು ಬಹಳ ಮಂದಿ. ಆ ರೇಷ್ಮೆಯ ತಾಯಿಯನ್ನು ಬಲ್ಲವರು ಕಡಮೆ. ಈ ಲೇಖನದ ವಿಷಯ ಆ ತಾಯಿಯೇ.

ಕುಳ್ಳು ಹಂದಿಯ ವೃತ್ತಾಂತ

ಮೊದಲು ಹೊರಗಿನ ಒಂದು ದೃಷ್ಟಾಂತವನ್ನು ನೋಡೋಣ. ಹಂದಿಯ ಹೃದಯ, ಚರ್ಮ, ಜೀರ್ಣಾಂಗಗಳು ಮನುಷ್ಯನವನ್ನು ಬಹುಮಟ್ಟಿಗೆ ಹೋಲುವುದರಿಂದ ವೈದ್ಯಶಾಸ್ತ್ರದ ಪರೀಕ್ಷೆಗಳಿಗೆ ಆ ಪ್ರಾಣಿಯನ್ನು ಬಳಸುವ ರೂಢಿ ಬಂದಿತು. ಆದರೆ ಸಾಮಾನ್ಯ ಸಾಕು ಹಂದಿಯು ಪೂರ್ಣವಾಗಿ ಬೆಳೆದರೆ 200 ಕಿಲೋಗ್ರಾಮನ್ನೂ ಮೀರುವುದು. ಅಷ್ಟು ದೊಡ್ಡ ಪ್ರಾಣಿಗೆ ಮೇವೂ ಹೆಚ್ಚು, ಮದ್ದೂ ಹೆಚ್ಚು, ಹಿಡಿದು ನಿಲ್ಲಿಸುವ ಕಷ್ಟವೂ ಹೆಚ್ಚು. ಆದುದರಿಂದ 1949ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯಕ್ಕೆ ಸೇರಿದ ಹಾರ್ಮೆಲ್ ಸಂಸ್ಥೆಯವರು ಬೇರೆ ಬೇರೆ ಕಡೆಗಳಿಂದ ಕಾಡು ಹಂದಿಗಳನ್ನೂ ನಾಡ ಹಂದಿಗಳನ್ನೂ ಕೂಡಿಹಾಕಿ, ಪ್ರತಿ ಪೀಳಿಗೆಯಲ್ಲಿಯೂ ಸಣ್ಣವನ್ನೇ ಆಯ್ದು ಮರಿ ಹಾಕಿಸುತ್ತ, ಒಂದು ಕುಳ್ಳು ತಳಿಯನ್ನು ಕಟ್ಟತೊಡಗಿದರು. 1960ರ ದಶಕದಲ್ಲಿ ಜರ್ಮನಿಯ ಗಾಟಿಂಗನ್ ನಗರದ ವಿದ್ವಾಂಸರು ಈ ತಳಿಯನ್ನು ವಿಯೆಟ್ನಾಮಿನ ಜೋಲುಹೊಟ್ಟೆಯ ಹಂದಿಯೊಡನೆ ಕೂಡಿಸಿ ಇನ್ನೂ ಸಣ್ಣದನ್ನು ಪಡೆದರು. ಗಾಟಿಂಗನ್ ಹಂದಿಯು ಬೆಳೆದು ನಿಂತಾಗಲೂ ಸುಮಾರು 40 ಕಿಲೋಗ್ರಾಮಿನಷ್ಟು ಮಾತ್ರ ತೂಗುವುದು.

ಇಲ್ಲಿ ಒಂದು ಸೂಕ್ಷ್ಮವನ್ನು ತಿಳಿಯಬೇಕು. ಮೇವು ಕಡಮೆಮಾಡಿ ಮರಿಯನ್ನು ಬಡಕಲು ಮಾಡಿದರೆ ಅದು ಸಣ್ಣ ತಳಿಯಾಗಲಾರದು. ಅದರ ಮರಿಗಳು ಹೊಟ್ಟೆತುಂಬ ತಿಂದರೆ ಮತ್ತೆ ದೊಡ್ಡವೇ ಆಗುವುವು. ಬೀಜದಲ್ಲಿಯೇ ಇರುವ ಸಣ್ಣತನ ಬೇರೆ, ಹಸಿವೆಯಿಂದ ಬಂದ ಸಣ್ಣತನ ಬೇರೆ. ಬೀಜದ ಗುಣವು ಒಂದು ಮೂಲದಿಂದ ಬರುವುದೂ ಅಲ್ಲ. ಮೆಂಡೆಲ್ ಮಹಾಶಯನು ಪರೀಕ್ಷಿಸಿದ ಬಟಾಣಿ ಗಿಡದಲ್ಲಿ ಎತ್ತರ ಗಿಡ್ಡಗಳು ಒಂದೇ ಅಂಶದಿಂದ ನಿರ್ಣಯವಾಗುತ್ತಿದ್ದುವು. ಪ್ರಾಣಿಗಳ ಮೈಗಾತ್ರವಾದರೋ ಅನೇಕ ವಂಶವಾಹಿಗಳು ಸ್ವಲ್ಪಸ್ವಲ್ಪವಾಗಿ ಕೂಡಿಸಿದ ಮೊತ್ತ. ಆದುದರಿಂದಲೇ ಇಂಥ ಆಯ್ಕೆಯು ನಿಧಾನದ ಕೆಲಸ. ಪೀಳಿಗೆಯ ಮೇಲೆ ಪೀಳಿಗೆ ಕಣ್ಣಿಟ್ಟು ನಡೆಸಬೇಕು, ನಡುವೆ ಕೈಬಿಟ್ಟರೆ ಗಳಿಸಿದ್ದು ಸಡಿಲವಾಗುವುದು.

ಸಣ್ಣತನದ ಬೆಲೆ ಎಷ್ಟೆಂಬುದಕ್ಕೆ ಇನ್ನೊಂದು ಮಾತು. 2022ರ ಜನವರಿಯಲ್ಲಿ ಅಮೆರಿಕದ ಮೇರಿಲೆಂಡ್ ವಿಶ್ವವಿದ್ಯಾನಿಲಯದ ವೈದ್ಯರು ಹಂದಿಯ ಹೃದಯವನ್ನು ಒಬ್ಬ ರೋಗಿಗೆ ಜೋಡಿಸಿದರು. ಆತನು ಸುಮಾರು ಎರಡು ತಿಂಗಳು ಬದುಕಿದನು. ಆ ಹಂದಿಯ ವಂಶವಾಹಿಗಳಲ್ಲಿ ಮಾಡಿದ್ದ ತಿದ್ದುಪಡಿಗಳಲ್ಲಿ ಒಂದು, ಬೆಳವಣಿಗೆಗೆ ಸಂಬಂಧಿಸಿದ ವಂಶವಾಹಿಯನ್ನು ನಿಲ್ಲಿಸಿದ್ದು. ಮನುಷ್ಯನ ಎದೆಯ ಗೂಡಿನೊಳಗೆ ಕೂತ ಹೃದಯವು ಹಂದಿಯ ಅಳತೆಗೆ ಬೆಳೆಯಬಾರದಷ್ಟೆ!

ನಮ್ಮ ನಾಡಿನಲ್ಲಿಯೂ ಸಣ್ಣ ಮೈಯ ತಳಿಗಳಿಗೆ ಕೊರತೆಯಿಲ್ಲ. ಮಳೆಯ ನಾಡಿನ ಇಳಿಜಾರುಗಳಲ್ಲಿ ಸೊಪ್ಪುಸದೆ ತಿಂದು ಹಾಲು ಕೊಡುವ ಮಲೆನಾಡ ಗಿಡ್ಡವನ್ನು ಎಲ್ಲರೂ ಬಲ್ಲರು. ಕನಕಪುರದ ನೆರೆಯ ಮಳವಳ್ಳಿ ಸೀಮೆಯ ಬಂಡೂರು ಕುರಿಯು ಗಿಡ್ಡ ಕಾಲಿನ, ಗಟ್ಟಿಮುಟ್ಟಾದ, ಮಾಂಸದ ರುಚಿಗೆ ಹೆಸರಾದ ಜಾತಿ. ಇವುಗಳನ್ನೆಲ್ಲ ಮೀರಿ, ಈ ನಾಲ್ಕು ತಾಲ್ಲೂಕುಗಳ ಮನೆಮನೆಯ ಜೀವನಕ್ಕೆ ಹೆಣೆದುಕೊಂಡಿರುವ ಸಣ್ಣ ಜೀವವೆಂದರೆ ಮೈಸೂರು ತಳಿಯ ರೇಷ್ಮೆಹುಳು.

ಹುಳುವಿನ ಮೈ, ಗೂಡಿನ ತೂಕ

ರೇಷ್ಮೆಹುಳು ಮೊಟ್ಟೆಯಿಂದ ಹೊರಬಂದಾಗ ಕಪ್ಪು ದಾರದ ತುಣುಕಿನಂತಿರುವುದು. ಹಿಪ್ಪುನೇರಳೆಯ ಸೊಪ್ಪನ್ನು ಹಗಲೂ ರಾತ್ರಿಯೂ ತಿಂದು, ನಾಲ್ಕು ಸಲ ಪೊರೆ ಕಳಚಿ, ಮೂರು ನಾಲ್ಕು ವಾರಗಳಲ್ಲಿ ಹುಟ್ಟಿದಾಗಿನ ತೂಕದ ಸಾವಿರಾರು ಪಟ್ಟು ಬೆಳೆಯುವುದು. ಪೊರೆ ಕಳಚುವ ಮುನ್ನ ಮೇವು ಬಿಟ್ಟು ಸುಮ್ಮನಿರುವುದನ್ನು ನಮ್ಮ ರೈತರು ‘ಜ್ವರಕ್ಕೆ ಕೂರುವುದು’ ಎನ್ನುವರು. ನಾಲ್ಕನೆಯ ಜ್ವರ ಕಳೆದು ಮನಸಾರೆ ತಿಂದ ಮೇಲೆ ಹುಳು ಹಣ್ಣಾಗುವುದು. ಆಗ ಅದನ್ನು ಚಂದ್ರಿಕೆಗೆ ಬಿಟ್ಟರೆ ತನ್ನ ಸುತ್ತ ಗೂಡು ಕಟ್ಟಿಕೊಳ್ಳುವುದು. ಈ ಕೆಲಸದಲ್ಲಿ ಹೆಂಗಸರ ಪಾಲೇ ಹೆಚ್ಚು. ಸೊಪ್ಪು ಹೆಚ್ಚುವುದು, ಚಾಕಿ ಹುಳುವಿಗೆ ಎಳೆಯ ಎಲೆಯನ್ನು ಸಣ್ಣಗೆ ಕತ್ತರಿಸಿ ಹರಡುವುದು, ಹಿಕ್ಕೆ ತೆಗೆದು ತಟ್ಟೆಯನ್ನು ಶುಚಿಮಾಡುವುದು, ಎಲ್ಲವೂ ಅಡುಗೆಯ ಮನೆಯ ಕೆಲಸದಷ್ಟೇ ನೇಮದಿಂದ ನಡೆಯಬೇಕು.

ಹುಳುವಿನ ಮೈಗೂ ಗೂಡಿನ ಗಾತ್ರಕ್ಕೂ ನೇರವಾದ ಸಂಬಂಧವುಂಟು. ಮೈಸೂರು ತಳಿಯ ಹುಳು ಸಣ್ಣದು. ಅದರ ಗೂಡು ಕದಿರಿನಂತೆ ತುದಿಗಳಲ್ಲಿ ಚೂಪು, ಬಣ್ಣ ಹಸುರು ಬೆರೆತ ಹಳದಿ, ತೂಕ ಸುಮಾರು 1 ಗ್ರಾಮು. ಅದರಿಂದ ಬಿಚ್ಚುವ ಎಳೆಯ ಉದ್ದ ಸುಮಾರು 350ರಿಂದ 400 ಮೀಟರು. ಜಪಾನ್ ಚೀಣಾ ದೇಶಗಳ ಮೂಲದಿಂದ ಬಂದ, ವರ್ಷಕ್ಕೆ ಎರಡೇ ಪೀಳಿಗೆ ನಡೆಸುವ ದ್ವಿತಳಿಯ ಹುಳು ದೊಡ್ಡದು. ಗೂಡು ಬಿಳುಪು, ತೂಕ ಹತ್ತಿರ ಹತ್ತಿರ 2 ಗ್ರಾಮು, ಎಳೆ 1000 ಮೀಟರಿನ ಆಸುಪಾಸು. ಗೂಡಿನ ತೂಕದಲ್ಲಿ ರೇಷ್ಮೆಯ ಪಾಲು ದ್ವಿತಳಿಯಲ್ಲಿ ನೂರಕ್ಕೆ 20ಕ್ಕೂ ಮೇಲೆ; ಮೈಸೂರು ತಳಿಯಲ್ಲಿ 12ರಿಂದ 14 ಮಾತ್ರ.

ಇಷ್ಟನ್ನು ಓದಿದ ವಾಚಕರು, ‘ಹಾಗಾದರೆ ಸಣ್ಣದನ್ನು ಇಟ್ಟುಕೊಂಡಿರುವುದೇಕೆ? ಎಲ್ಲರೂ ದೊಡ್ಡದನ್ನೇ ಸಾಕಬಾರದೆ?’ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ದೊಡ್ಡ ಹುಳುವು ಸುಕುಮಾರ ಪ್ರಾಣಿ. ಬಿಸಿಲಿನ ಝಳ, ಮಳೆಗಾಲದ ತೇವ, ಒಣಗಿದ ಸೊಪ್ಪು, ಕೈಯ ಅಶುಚಿ ಯಾವುದನ್ನೂ ಅದು ಸಹಿಸದು. ಹಾಲುತೊಂಡೆ, ಸಪ್ಪೆರೋಗಗಳು ತಟ್ಟಿದರೆ ಇಡೀ ಬೆಳೆಯೇ ಎರಡು ದಿನಗಳಲ್ಲಿ ಗೊಬ್ಬರದ ಗುಂಡಿಗೆ ಹೋಗುವುದು. ಮೈಸೂರು ತಳಿಯಾದರೋ ತಲೆಮಾರುಗಳಿಂದ ಈ ನೆಲದ ಬಿಸಿಯನ್ನೂ ಇಲ್ಲಿನ ಒಣಬೇಸಾಯದ ಸೊಪ್ಪನ್ನೂ ಉಂಡು ಉಳಿದು ಬಂದುದು. ತಡೆಯಲಾರದವು ಸತ್ತುವು, ತಡೆದವು ಮೊಟ್ಟೆಯಿಟ್ಟುವು. ಹೀಗೆ ಪ್ರಕೃತಿಯೇ ಆಯ್ಕೆ ನಡೆಸಿ ಸಣ್ಣ ಮೈಯಲ್ಲಿ ಗಟ್ಟಿ ಪ್ರಾಣವನ್ನಿಟ್ಟಿತು.

ಚನ್ನಪಟ್ಟಣದ ಪ್ರಯೋಗ

ಮೈಸೂರು ಸೀಮೆಯಲ್ಲಿ ರೇಷ್ಮೆಯ ಕಸುಬಿಗೆ ರಾಜಾಶ್ರಯವನ್ನಿತ್ತವನು ಟಿಪ್ಪು ಸುಲ್ತಾನನು. 18ನೆಯ ಶತಮಾನದ ಕೊನೆಯ ಭಾಗದಲ್ಲಿ ಆತನು ಬಂಗಾಳದಿಂದ ಹುಳುಗಳನ್ನು ತರಿಸಿದನು. 19ನೆಯ ಶತಮಾನದಲ್ಲಿ ಈ ಕಸುಬು ರೋಗಗಳಿಂದ ಬಹಳ ಪೆಟ್ಟು ತಿಂದಿತು. ಅದೇ ಕಾಲದಲ್ಲಿ ಯೂರೋಪಿನ ರೇಷ್ಮೆಯೂ ಗಂಟುರೋಗದಿಂದ ಹಾಳಾಗುತ್ತಿತ್ತು. ಫ್ರಾನ್ಸಿನ ಲೂಯಿ ಪಾಶ್ಚರನು 1865ರಲ್ಲಿ ಈ ರೋಗದ ಶೋಧನೆಗೆ ಕೈಹಾಕಿ, ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗದ ಕಣಗಳಿಲ್ಲದ ತಾಯಿಯ ಮೊಟ್ಟೆಗಳನ್ನು ಮಾತ್ರ ಉಳಿಸಿಕೊಳ್ಳುವ ವಿಧಾನವನ್ನು ಕಂಡುಹಿಡಿದನು. ನಮ್ಮ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ನಡೆಯುತ್ತಿರುವುದು ಇದೇ ಪರೀಕ್ಷೆ.

ಮುಂದೆ ಜಮ್ಷೆಡ್‌ಜಿ ತಾತಾ ಅವರು 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಜಪಾನಿನ ತಜ್ಞರನ್ನು ಕರೆಯಿಸಿ ಬೆಂಗಳೂರಿನಲ್ಲಿ ರೇಷ್ಮೆ ಕ್ಷೇತ್ರವೊಂದನ್ನು ನಡೆಸಿದರು. ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913–14ರಲ್ಲಿ, ಮೈಸೂರು ಸರ್ಕಾರವು ಇಟಲಿಯ ತಜ್ಞ ವಾಷಿಂಗ್ಟನ್ ಮಾರಿ ಎಂಬವರನ್ನು ನೇಮಿಸಿಕೊಂಡು ಚನ್ನಪಟ್ಟಣದಲ್ಲಿ ಸರ್ಕಾರಿ ರೇಷ್ಮೆ ಕ್ಷೇತ್ರವನ್ನು ತೆರೆಯಿತು. ಬಣ್ಣದ ಬೊಂಬೆಗಳಿಗೆ ಹೆಸರಾದ ಆ ಊರಿನಲ್ಲಿ ಪರದೇಶದ ದೊಡ್ಡ ತಳಿಗಳನ್ನು ಮೈಸೂರು ತಳಿಯೊಡನೆ ಕೂಡಿಸುವ ಪ್ರಯೋಗಗಳು ನಡೆದುವು. ಅದಕ್ಕೆ ಕೆಲವು ವರ್ಷಗಳ ಹಿಂದೆಯೇ, 1906ರಲ್ಲಿ, ಜಪಾನಿನ ತೊಯಾಮ ಕಮೆತಾರೊ ಎಂಬ ವಿದ್ವಾಂಸನು ಮೆಂಡೆಲನ ನಿಯಮಗಳು ರೇಷ್ಮೆಹುಳುವಿಗೂ ಸಲ್ಲುವುವೆಂದು ತೋರಿಸಿ, ಎರಡು ಬೇರೆ ತಳಿಗಳ ಮೊದಲನೆಯ ಸಂತಾನವು ತಾಯಿತಂದೆಗಳಿಗಿಂತ ಪುಷ್ಟವಾಗಿರುವುದೆಂದು ಹೇಳಿದ್ದನು.

ಈ ತತ್ತ್ವವೇ ನಮ್ಮ ರೈತನ ಕೈಹಿಡಿದುದು. ಮೈಸೂರು ತಳಿಯ ಹೆಣ್ಣು, ದ್ವಿತಳಿಯ ಗಂಡು, ಇವೆರಡರ ಮಕ್ಕಳೇ ಹಳದಿ ಗೂಡಿನ ಮಿಶ್ರತಳಿ. ತಾಯಿಯ ಗಡಸುತನವೂ ತಂದೆಯ ಗಾತ್ರವೂ ಅದರಲ್ಲಿ ಬಹುಮಟ್ಟಿಗೆ ಕೂಡಿಬಂದುವು. ಗೂಡು ಮೈಸೂರು ತಳಿಯದಕ್ಕಿಂತ ದೊಡ್ಡದಾಯಿತು, ಎಳೆ ಉದ್ದವಾಯಿತು, ಹುಳುವೂ ಬದುಕಿತು. ದ್ವಿತಳಿಯ ಗಂಡು ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯವರು ರೂಪಿಸಿದ ಸಿ.ಎಸ್.ಆರ್. 2 ಎಂಬ ತಳಿ ಈಗ ಆ ಸ್ಥಾನದಲ್ಲಿ ಪ್ರಸಿದ್ಧವಾಗಿದೆ. ತಾಯಿ ಮಾತ್ರ ಅಂದಿನ ಮೈಸೂರು ತಳಿಯೇ.

ನೂಲಿನಂತೆ ಸೀರೆ

ತಾಯಿಯೇ ಮೈಸೂರು ತಳಿಯಾಗಿರಬೇಕು, ತಂದೆಯಾದರೆ ಸಾಲದು ಎಂಬುದಕ್ಕೆ ಒಂದು ಸೊಗಸಾದ ಕಾರಣವುಂಟು. ದ್ವಿತಳಿಯ ಚಿಟ್ಟೆಯಿಟ್ಟ ಮೊಟ್ಟೆಗಳು ಸಹಜವಾಗಿ ನಿದ್ರೆಗೆ ಹೋಗುವುವು. ಚಳಿಗಾಲ ಕಳೆದಲ್ಲದೆ ಒಡೆಯವು. ಅವುಗಳನ್ನು ಬೇಗ ಎಬ್ಬಿಸಬೇಕಾದರೆ ಇಟ್ಟ ಒಂದು ದಿನದೊಳಗಾಗಿ ಆಮ್ಲದಲ್ಲಿ ಅದ್ದಿ ತೊಳೆಯುವ ಉಪಚಾರ ಬೇಕು. ಮೈಸೂರು ತಳಿಯ ಚಿಟ್ಟೆಯಿಟ್ಟ ಮೊಟ್ಟೆಗೆ ಇಂಥ ನಿದ್ರೆಯಿಲ್ಲ. ಸುಮಾರು ಹತ್ತನೆಯ ದಿನಕ್ಕೆ ಹುಳು ಹೊರಬರುವುದು. ಮೊಟ್ಟೆ ನಿದ್ರಿಸಬೇಕೇ ಬೇಡವೇ ಎಂಬುದನ್ನು ನಿರ್ಣಯಿಸುವವಳು ತಾಯಿ. ಅದರಲ್ಲಿ ತಂದೆಯ ಮಾತು ನಡೆಯುವುದಿಲ್ಲ. ಆದುದರಿಂದ ಗಂಡು ಯಾವ ದೇಶದ್ದಾದರೂ ಆಗಲಿ, ತಾಯಿ ಮೈಸೂರಿನವಳಾದರೆ ಮೊಟ್ಟೆ ಹತ್ತು ದಿನಕ್ಕೆ ಒಡೆಯುವುದು, ರೈತನು ವರ್ಷಕ್ಕೆ ಐದಾರು ಬೆಳೆ ತೆಗೆಯಬಹುದು. ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬ ನಮ್ಮ ಹೆಂಗಸರ ಗಾದೆಗೆ ಇದಕ್ಕಿಂತ ಒಪ್ಪುವ ನಿದರ್ಶನ ಇನ್ನೆಲ್ಲಿ ದೊರೆತೀತು?

ಹಾಗೆಂದು ರೈತನು ತನ್ನ ಮನೆಯ ಒಳ್ಳೆಯ ಮಿಶ್ರತಳಿಯ ಗೂಡುಗಳನ್ನೇ ಬಿತ್ತನೆಗೆ ಇಟ್ಟುಕೊಳ್ಳಬಹುದೆ? ಇಟ್ಟುಕೊಳ್ಳಬಾರದು. ಮೊದಲನೆಯ ಪೀಳಿಗೆಯಲ್ಲಿ ಒಂದಾಗಿದ್ದ ಗುಣಗಳು ಎರಡನೆಯ ಪೀಳಿಗೆಯಲ್ಲಿ ಚೆದರಿಹೋಗುವುವು. ಕೆಲವು ಹುಳು ತಾಯಿಯ ಕಡೆಗೆ, ಕೆಲವು ತಂದೆಯ ಕಡೆಗೆ. ಕೆಲವು ಮುಂಚೆ ಹಣ್ಣಾಗುವುವು, ಕೆಲವು ತಡವಾಗಿ. ಗೂಡು ಒಂದೇ ಸಮನಾಗಿ ಬರುವುದಿಲ್ಲ. ಬಿಚ್ಚಾಣಿಕೆಯವರಿಗೆ ಅಂಥ ಗೂಡು ಬೇಡ. ಆದುದರಿಂದ ಪ್ರತಿಯೊಂದು ಬೆಳೆಗೂ ಹೊಸದಾಗಿ ಶುದ್ಧ ತಾಯಿ ಬೇಕು, ಶುದ್ಧ ತಂದೆ ಬೇಕು.

ಮಾಗಡಿಯ ಹೊಣೆ

ಆ ಶುದ್ಧ ತಾಯಿಯನ್ನು ಸಾಕುವ ಭಾರವು ಮಾಗಡಿ, ಕುಣಿಗಲ್ ಕಡೆಯ ಬಿತ್ತನೆ ಪ್ರದೇಶದ ಒಕ್ಕಲು ಮನೆಗಳ ಮೇಲಿದೆ. 1959ರಲ್ಲಿ ಆದ ರೇಷ್ಮೆಹುಳು ಬಿತ್ತನೆ ಮತ್ತು ಗೂಡಿನ ಕಾಯಿದೆಯು ಬಿತ್ತನೆ ಪ್ರದೇಶಗಳನ್ನು ಗೊತ್ತುಪಡಿಸಿ, ಅಲ್ಲಿ ನಿಯಮಿಸಿದ ತಳಿಯನ್ನಲ್ಲದೆ ಬೇರೆಯದನ್ನು ಸಾಕಕೂಡದೆಂಬ ವ್ಯವಸ್ಥೆಗೆ ಬುನಾದಿ ಹಾಕಿತು. ನೆರೆಯ ಮನೆಯಲ್ಲಿ ಮಿಶ್ರತಳಿ ಇದ್ದರೆ ಗೂಡು ಗೂಡಿಗೆ ಬೆರೆಯಬಹುದು, ರೋಗ ಹರಡಬಹುದು. ಒಮ್ಮೆ ಬೆರೆತ ತಳಿಯನ್ನು ಮತ್ತೆ ಬೇರ್ಪಡಿಸುವುದು ಹಾಲಿನಲ್ಲಿ ಬೆರೆತ ನೀರನ್ನು ತೆಗೆದಂತೆ.

ಬಿತ್ತನೆ ಸಾಕುವವನ ಲೆಕ್ಕವನ್ನು ನೋಡಿರಿ. ರೈತರ ಮಾತಿನಲ್ಲಿ ‘ನೂರು ಮೊಟ್ಟೆ’ ಎಂದರೆ ನೂರು ತಾಯಿಚಿಟ್ಟೆಗಳು ಇಟ್ಟ ಮೊಟ್ಟೆಗಳು. ಒಂದೊಂದು ತಾಯಿ 400ರಂತೆ ಇಟ್ಟರೆ 40,000 ಹುಳು. ಎಲ್ಲವೂ ಬದುಕಿ 1 ಗ್ರಾಮಿನ ಗೂಡು ಕಟ್ಟಿದುವೆಂದಿಟ್ಟುಕೊಂಡರೂ 40 ಕಿಲೋಗ್ರಾಮು ಗೂಡು. ಅಷ್ಟೇ ಹುಳುಗಳು 2 ಗ್ರಾಮಿನ ಗೂಡು ಕಟ್ಟಿದರೆ 80 ಕಿಲೋಗ್ರಾಮು. ಸಣ್ಣ ಹುಳು ಸೊಪ್ಪನ್ನು ಕಡಮೆ ತಿನ್ನುವುದೇನೋ ನಿಜ; ಆದರೆ ಮನೆ ಅದೇ, ತಟ್ಟೆ ಅದೇ, ರಾತ್ರಿಯ ನಿದ್ದೆಗೇಡೂ ಅದೇ. ಮೇಲಾಗಿ ಮೈಸೂರು ತಳಿಯ ಹುಳು ಹಣ್ಣಾಗುವುದಕ್ಕೆ ಸುಮಾರು ನಾಲ್ಕು ವಾರ ಬೇಕು. ಮಿಶ್ರತಳಿಯು ಅದಕ್ಕೆ ಮೊದಲೇ ಗೂಡಿಗೆ ಹೋಗುವುದು. ಆದುದರಿಂದ ಬಿತ್ತನೆ ಗೂಡಿಗೆ ನೂಲಿನ ಗೂಡಿಗಿಂತ ಮೇಲಾದ ದರ ದೊರೆತರೆ ಮಾತ್ರ ಈ ಒಕ್ಕಲು ನಿಂತೀತು. ಮಾಗಡಿಯವನು ಸಣ್ಣ ಗೂಡನ್ನು ಸಾಕುವುದರಿಂದಲೇ ಕನಕಪುರದವನು ದೊಡ್ಡ ಗೂಡನ್ನು ಬೆಳೆಯುವನು. ಒಬ್ಬನ ಲಾಭದ ಬೇರು ಇನ್ನೊಬ್ಬನ ಹೊಲದಲ್ಲಿದೆ.

ಇಲ್ಲಿ ಆಯ್ಕೆಯ ಒಂದು ಅಪಾಯವನ್ನೂ ಹೇಳಬೇಕು. ಬಿತ್ತನೆಗೆ ಗೂಡು ಆರಿಸುವಾಗ ದೊಡ್ಡದನ್ನೇ ಆರಿಸಬೇಕೆಂಬ ಆಸೆ ಸಹಜ. ಆದರೆ ಒಂದೇ ತಳಿಯಲ್ಲಿ ಹೆಣ್ಣಿನ ಗೂಡು ಗಂಡಿನದಕ್ಕಿಂತ ತೂಕವಾಗಿರುವುದು. ಬರಿಯ ತೂಕವನ್ನು ನೋಡಿ ಆರಿಸಿದರೆ ಹೆಣ್ಣುಗಳೇ ತುಂಬಿ, ಕೂಡಿಸಲು ಗಂಡು ಸಾಲದೆ ಹೋಗುವುದು. ಅಲ್ಲದೆ ಗಾತ್ರವೊಂದನ್ನೇ ಹಿಂಬಾಲಿಸಿದರೆ, ಕಣ್ಣಿಗೆ ಕಾಣದ ಗಡಸುತನವು ಕೈತಪ್ಪಿ ಹೋಗಬಹುದು. ಆದುದರಿಂದ ಬಲ್ಲವರು ತಳಿಗೆ ತಕ್ಕ ಆಕಾರ, ತಳಿಗೆ ತಕ್ಕ ಬಣ್ಣ, ತಳಿಗೆ ತಕ್ಕ ತೂಕ, ರೋಗವಿಲ್ಲದ ತಾಯಿ, ಇವೆಲ್ಲವನ್ನೂ ಒಟ್ಟಿಗೆ ನೋಡುವರು. ಸಣ್ಣದನ್ನು ಸಣ್ಣದಾಗಿಯೇ ಉಳಿಸುವುದೂ ಒಂದು ವಿದ್ಯೆ.

ಉಳಿಸಿಕೊಳ್ಳುವ ಪ್ರಶ್ನೆ

ಇಂದು ರಾಮನಗರದ ಗೂಡಿನ ಮಾರುಕಟ್ಟೆಯು ಏಷ್ಯಾ ಖಂಡದಲ್ಲಿಯೇ ದೊಡ್ಡದೆಂದು ಹೆಸರು ಪಡೆದಿದೆ. ಅಲ್ಲಿಗೆ ಹಳದಿ ಗೂಡೂ ಬರುವುದು, ಬಿಳಿ ಗೂಡೂ ಬರುವುದು. ನೀರಾವರಿ, ಒಳ್ಳೆಯ ಹುಳುಮನೆ, ಶುಚಿತ್ವದ ತಿಳಿವಳಿಕೆ ಇರುವ ರೈತರು ದ್ವಿತಳಿಯ ಬಿಳಿ ಗೂಡನ್ನು ಯಶಸ್ಸಿನಿಂದ ಬೆಳೆಯುತ್ತಿರುವರು. ಯಂತ್ರದಲ್ಲಿ ಬಿಚ್ಚುವುದಕ್ಕೆ ಅದೇ ಉತ್ತಮ; ಅದು ಹೆಚ್ಚಬೇಕೆಂದು ಸರ್ಕಾರವೂ ವಿಜ್ಞಾನಿಗಳೂ ಬಯಸುವುದು ಯೋಗ್ಯವೇ. ಹೀಗಿರಲು, ಮೈಸೂರು ತಳಿಯ ಕಾಲ ಮುಗಿಯಿತೆಂದು ಹೇಳುವವರೂ ಉಂಟು. ಅತ್ತ ಬೆಂಗಳೂರು ನಗರವು ಬೆಳೆಯುತ್ತ ಬಂದು ಮಾಗಡಿ, ಕನಕಪುರಗಳ ದಾರಿಯ ಹೊಲಗಳನ್ನು ನಿವೇಶನಗಳನ್ನಾಗಿ ಮಾಡುತ್ತಿದೆ. ಹಿಪ್ಪುನೇರಳೆಯ ಸಾಲಿಗಿಂತ ಕಲ್ಲು ನೆಟ್ಟ ಗಡಿಗೆ ಬೆಲೆ ಹೆಚ್ಚಾದಾಗ, ನಾಲ್ಕು ವಾರ ನಿದ್ದೆಗೆಟ್ಟು 1 ಗ್ರಾಮಿನ ಗೂಡು ಸಾಕೆಂದು ಮಗನಿಗೆ ಹೇಳುವ ತಂದೆಯ ಮಾತಿಗೆ ಬಲವೆಲ್ಲಿಂದ ಬರಬೇಕು?

ಆದರೂ ಕಳೆದುಕೊಳ್ಳುವ ಮುನ್ನ ಯೋಚಿಸಬೇಕು. ದೊಡ್ಡ ಹುಳುವನ್ನು ಮತ್ತೊಂದು ದೇಶದಿಂದ ಮತ್ತೆ ತರಬಹುದು. ಮೈಸೂರು ತಳಿಯನ್ನು ತರುವುದಕ್ಕೆ ಮೈಸೂರಲ್ಲದೆ ಬೇರೆ ದೇಶವಿಲ್ಲ. ಬೇಸಗೆಯ ಬಿಸಿ ಹೆಚ್ಚುತ್ತಿರುವ ಈ ಕಾಲದಲ್ಲಿ ಬಿಸಿಯನ್ನು ತಡೆಯುವ ಬೀಜವೇ ನಾಳೆಯ ತಳಿಗಳಿಗೆ ಮೂಲಧನ. ಜಪಾನಿನವರನ್ನು ನೋಡಿರಿ. ದೊಡ್ಡ ಗೂಡಿನ ತಳಿಗಳಲ್ಲಿ ಲೋಕಕ್ಕೇ ಗುರುಗಳಾದ ಅವರು, ಕೊಇಷಿಮಾರು ಎಂಬ ಹಳೆಯ ಸಣ್ಣ ಗೂಡಿನ ತಳಿಯನ್ನು ತಮ್ಮ ಅರಮನೆಯಲ್ಲಿ ಇರಿಸಿಕೊಂಡಿದ್ದರು. ಲಾಭವಿಲ್ಲವೆಂದು ಅದನ್ನು ನಿಲ್ಲಿಸುವ ಮಾತು ಬಂದಾಗ ಸಾಮ್ರಾಜ್ಞಿ ಮಿಚಿಕೊ ಅವರು ನಿಲ್ಲಿಸಗೊಡಲಿಲ್ಲ. 8ನೆಯ ಶತಮಾನದ ಶೋಸೋಇನ್ ಭಂಡಾರದ ರೇಷ್ಮೆ ವಸ್ತ್ರಗಳನ್ನು 1994ರಿಂದ ಮತ್ತೆ ನೆಯಿಸುವ ಕಾರ್ಯ ಆರಂಭವಾದಾಗ, ಹಳೆಯ ಬಟ್ಟೆಯ ನವುರಾದ ಎಳೆಗೆ ಸರಿದೂಗಿದುದು ಆ ಸಣ್ಣ ಗೂಡಿನ ನೂಲೇ. ಬೇಡವೆಂದು ಬಿಟ್ಟಿದ್ದರೆ, ಬೇಕಾದ ದಿನ ಅದು ಸಿಕ್ಕುತ್ತಿರಲಿಲ್ಲ.

ನಮ್ಮಲ್ಲಿ ಅರಮನೆಯ ಆ ಕೆಲಸವನ್ನು ಮಾಗಡಿಯ ಹೆಂಚಿನ ಮನೆಗಳು ಮಾಡುತ್ತಿವೆ. ಸರ್ಕಾರದ ಕ್ಷೇತ್ರಗಳಲ್ಲಿ ಕೆಲವು ತಟ್ಟೆಗಳಷ್ಟು ಹುಳುವನ್ನು ಕಾಪಾಡಿದ ಮಾತ್ರಕ್ಕೆ ಸಾವಿರಾರು ರೈತರಿಗೆ ತಾಯಿಗೂಡು ಒದಗದು. ಅದಕ್ಕೆ ಒಕ್ಕಲು ಮನೆಗಳೇ ಬೇಕು. ಬಿತ್ತನೆ ಗೂಡಿಗೆ ನ್ಯಾಯವಾದ ದರ, ಬೆಳೆ ಕೆಟ್ಟ ವರ್ಷ ಕೈಹಿಡಿಯುವ ನೆರವು, ಬಿತ್ತನೆ ಪ್ರದೇಶದ ನೆಲಕ್ಕೆ ರಕ್ಷಣೆ, ಇಷ್ಟು ದೊರೆತರೆ ಆ ಮನೆಗಳು ಈ ವ್ರತವನ್ನು ಬಿಡಲಾರವು. ಮದುವೆಗೆ ಜವಳಿ ತೆಗೆಯುವಾಗ ನಾವು ಸೀರೆಯ ಅಂಚನ್ನೂ ಸೆರಗನ್ನೂ ತಿರುವಿ ತಿರುವಿ ನೋಡುವೆವು. ಆ ಸೀರೆಯ ಎಳೆಯ ಹಿಂದೆ ಹಸುರು ಬೆರೆತ ಹಳದಿ ಬಣ್ಣದ, ಕಿರುಬೆರಳಿನಷ್ಟು ಗೂಡೊಂದು ಇರಬಹುದೆಂದೂ, ಅದನ್ನು ಸಣ್ಣದಾಗಿಯೇ ಉಳಿಸಿಕೊಟ್ಟವರು ಇದ್ದಾರೆಂದೂ ಮನೆಯ ಮಕ್ಕಳಿಗೆ ಒಮ್ಮೆ ತಿಳಿಯಹೇಳಿದರೆ ಒಳ್ಳೆಯದು.